ಬಾಲಚುಕ್ಕಿಯ ಯುಗಾದಿ

ಭೂಮಿಯ ಮೇಲೆ ಕತ್ತಲೆ ಉಳಿದದ್ದು ಹನ್ನೊಂದು ಊರುಗಳಲ್ಲಿ ಮಾತ್ರ. ಅವುಗಳಲ್ಲಿ ಒಂದು ಬಿಳಿಕಲ್ಲಹಟ್ಟಿ.

ಉಳಿದ ಕಡೆಗೆಲ್ಲ ಕನ್ನಡಿಗಳು ಬಂದಿದ್ದವು. ಆಕಾಶದಲ್ಲಿ ಸುತ್ತುವ ಆ ದೊಡ್ಡ ದೊಡ್ಡ ಹಾಳೆಗಳು ಆಚೆ ಬದಿಯ ಸೂರ್ಯನ ಬೆಳಕನ್ನು ಹಿಡಿದು ಈಚೆ ಬದಿಯ ರಾತ್ರಿಯ ಮೇಲೆ ಚೆಲ್ಲುತ್ತಿದ್ದವು. ರೈತರು ಬಿಸಿಲಿನ ಹೊತ್ತು ಮಲಗಿ ತಂಪು ಹೊತ್ತಿನಲ್ಲಿ ಭತ್ತ ಕೊಯ್ಯುತ್ತಿದ್ದರು. ಎರಡನೆಯ ಪಾಳಿ ಮುಗಿಸಿದ ಹೆಣ್ಣುಮಕ್ಕಳು ನಿರಾಳವಾಗಿ ನಡೆದು ಮನೆ ಸೇರುತ್ತಿದ್ದರು. ಯಾರೂ ಬೇಡವೆನ್ನುವಂಥದ್ದಲ್ಲ ಅದು. ಆದರೆ ನಕ್ಷತ್ರ ನೋಡುವವರ ಪಾಡು ಕೇಳುವವರಿರಲಿಲ್ಲ. ಅವರು ವರ್ಷಗಟ್ಟಲೆ ಕಾಡಿ ಬೇಡಿದ ಮೇಲೆ, ಹನ್ನೊಂದು ಜಾಗಗಳ ಮೇಲೆ ಮಾತ್ರ ಕನ್ನಡಿ ತಿರುಗಿಸಕೂಡದೆಂದು ದೇಶದೇಶಗಳು ಕೂಡಿ ಒಪ್ಪಿಕೊಂಡವು. ಚಿತ್ರದುರ್ಗದಿಂದ ಉತ್ತರಕ್ಕೆ, ಕಲ್ಲುಗುಡ್ಡಗಳ ನಡುವೆ ಕುರಿ ಮೇಯಿಸಿಕೊಂಡು ಕಂಬಳಿ ನೇಯ್ದುಕೊಂಡು ಇದ್ದ ಈ ಹಟ್ಟಿಗೆ ಆ ಭಾಗ್ಯ ಬಂದದ್ದು, ಅಲ್ಲಿ ಮಳೆ ಕಡಿಮೆ, ಮೋಡ ಕಡಿಮೆ ಎಂಬ ಒಂದೇ ಕಾರಣಕ್ಕೆ.

ಮೊದಮೊದಲು ಜನ ಗೊಣಗಿದರು. ಆಮೇಲೆ ಹೊಂದಿಕೊಂಡರು. ಹೊತ್ತು ಮುಳುಗುತ್ತಿದ್ದಂತೆ ಕಿಟಕಿಗೆ ಕಂಬಳಿ ಇಳಿಬಿಡುವುದು, ಅಂಗಳದ ದೀಪಕ್ಕೆ ಸಗಣಿ ಸಾರಿಸಿದ ಬುಟ್ಟಿ ಮಗುಚುವುದು, ಮದುವೆಯ ಊಟವನ್ನು ಹಗಲಲ್ಲೇ ಮುಗಿಸುವುದು ರೂಢಿಯಾಯಿತು. ಕನ್ನಡಿಯೂರುಗಳಿಂದ ಬಂದ ನೆಂಟರು ಮೊದಲ ದಿನ ಅಂಗಳದಲ್ಲಿ ಎಡವಿ ಬಿದ್ದು, ಎರಡನೆಯ ದಿನ ಮೇಲೆ ನೋಡುತ್ತ ಬಾಯಿ ಬಿಟ್ಟುಕೊಂಡು ನಿಂತು, ಮೂರನೆಯ ದಿನ ಇಷ್ಟು ಚೆನ್ನಾಗಿ ನಿದ್ದೆ ಮಾಡಿ ಎಷ್ಟು ವರ್ಷವಾಯಿತೋ ಎನ್ನುತ್ತಿದ್ದರು. ಹಟ್ಟಿಯವರಿಗೆ ಒಳಗೊಳಗೇ ಹೆಮ್ಮೆ.

ಊರ ಬೆನ್ನಿಗಿದ್ದ ಗುಡ್ಡದ ನೆತ್ತಿಯ ಮೇಲೆ, ಒಂದು ಗುಮ್ಮಟದೊಳಗೆ, ದುರ್ಬೀನು ಕೂತಿತ್ತು. ಹನ್ನೊಂದು ಊರಿಗೂ ಒಂದೊಂದು ದುರ್ಬೀನು, ಒಂದೊಂದು ಧೂಮಕೇತು. ಆಕಾಶದಲ್ಲೇ ಇಟ್ಟ ದುರ್ಬೀನುಗಳಿಗೆ ನೂರೆಂಟು ಕೆಲಸ; ವರ್ಷಗಟ್ಟಲೆ ಒಂದೇ ಚುಕ್ಕಿಯನ್ನು ನೋಡುತ್ತ ಕೂರುವ ಪುರುಸೊತ್ತು ಅವಕ್ಕಿಲ್ಲ. ಅದು ಊರುಗಳ ಪಾಲಿಗೆ ಬಂತು. ಶನಿಗ್ರಹದಿಂದಲೂ ಎಷ್ಟೋ ಆಚೆ, ಇನ್ನೂ ಬಾಲ ಮೂಡದೆ, ಬರಿಯ ಮಬ್ಬು ಬಿಂದುವಾಗಿ ಬರುತ್ತಿದ್ದ ಹನ್ನೊಂದು ಧೂಮಕೇತುಗಳು. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಭೇಟಿಯಾಗಲೆಂದು ನೌಕೆಯೊಂದು ಆಗಲೇ ಹೊರಟು ನಡುದಾರಿಯಲ್ಲಿ ಕಾಯುತ್ತಿತ್ತು. ಹೋಗಲು ಹನ್ನೊಂದು ವರ್ಷ ಬೇಕು, ಹೋಗುವುದು ಒಂದೇ ಒಂದರ ಬಳಿಗೆ. ಅಷ್ಟು ದೂರದ ಚಳಿಯಲ್ಲೇ ಯಾವುದರ ಹಿಮ ಎದ್ದು ಹೊಗೆಯಾಡಲು ತೊಡಗಿದೆಯೋ ಅದು ಬೇಕು. ಸತ್ತ ಬಂಡೆ ಬೇಡ. ಎಚ್ಚರವಾಗಿದೆಯೋ ಇಲ್ಲವೋ ತಿಳಿಯುವುದು ಹೊಳಪಿನಿಂದ. ಹತ್ತಿರ ಬಂದಷ್ಟೂ ಎಲ್ಲವೂ ಹೊಳಪಾಗುತ್ತವೆ, ಅದು ಲೆಕ್ಕದಲ್ಲೇ ಸಿಗುತ್ತದೆ. ಆ ಲೆಕ್ಕಕ್ಕಿಂತ ಹೆಚ್ಚು ಹೊಳೆದರೆ ಒಳಗೆ ಏನೋ ನಡೆದಿದೆ ಎಂದರ್ಥ.

ಹಟ್ಟಿಯವರು ತಮ್ಮ ಪಾಲಿನದನ್ನು ಬಾಲಚುಕ್ಕಿ ಎಂದೇ ಕರೆದರು. ಬಾಲವಿಲ್ಲದ ಬಾಲಚುಕ್ಕಿ ಎಂದು ನಗುವವರು ನಗುತ್ತಿದ್ದರು.

ಅದನ್ನು ಅಳೆಯುತ್ತಿದ್ದವನು ಪಾಲಯ್ಯ. ಐವತ್ತಾರರ ಆಳು. ನಲವತ್ತೊಂಬತ್ತರವರೆಗೆ ಕಂಬಳಿ ನೇಯ್ದವನು. ಕರಿ ಉಣ್ಣೆಯಲ್ಲೇ ಏಳು ಬಗೆಯ ಕಪ್ಪನ್ನು ಬೇರೆ ಮಾಡಿಡುವ ಕಣ್ಣು ಅವನದು. ಹನ್ನೊಂದು ದುರ್ಬೀನುಗಳನ್ನೂ ನೋಡಿಕೊಳ್ಳುವ ಕೇಂದ್ರದಿಂದ ಬಂದ ನಫೀಸಾ ಮೇಡಂ ಹಟ್ಟಿಯ ಹತ್ತಾರು ಜನರ ಮುಂದೆ ಬೂದುಬಣ್ಣದ ಕಾಗದದ ಚೂರುಗಳನ್ನು ಹರಡಿ, ತಿಳಿಯಿಂದ ಗಾಢಕ್ಕೆ ಜೋಡಿಸಿ ಎಂದಾಗ ಒಂದೂ ತಪ್ಪದೆ ಜೋಡಿಸಿದವನು ಅವನೊಬ್ಬನೇ. ಯಂತ್ರವೇ ಎಲ್ಲ ಮಾಡುತ್ತದೆ, ಆದರೂ ಯಂತ್ರವನ್ನು ಅನುಮಾನಿಸುವ ಒಂದು ಕಣ್ಣು ಹತ್ತಿರ ಇರಬೇಕು ಎಂದು ಅವರು ಅವನನ್ನು ನೇಮಿಸಿಕೊಂಡರು. ಗುಮ್ಮಟದ ಕಸ ಗುಡಿಸಿ ಒಪ್ಪವಾಗಿಡುವ ಕೆಲಸ ಅವನ ಹೆಂಡತಿ ಕಾಟಮ್ಮನದಾಯಿತು. ಬೀಗದ ಕೈ ಒಂದು ಅವನ ಉಡುದಾರದಲ್ಲಿ, ಇನ್ನೊಂದು ಅವಳ ಸೆರಗಿನ ಗಂಟಿನಲ್ಲಿ.

ಕೆಲಸ ಕಠಿಣವಲ್ಲ, ಆದರೆ ನೇಮದ್ದು. ದುರ್ಬೀನಿನ ಕ್ಯಾಮೆರಾದೊಳಗೆ ಬೆಳಕನ್ನು ತುಂಬಿಕೊಳ್ಳುವ ಕೋಟಿಗಟ್ಟಲೆ ಕಣಗಳಿವೆ. ಕೋಟಿ ಸೇರುಗಳನ್ನು ಸಾಲಾಗಿ ಇಟ್ಟ ಹಾಗೆ ಎಂದು ಮೇಡಂ ಅವನಿಗೆ ತಿಳಿಸಿ ಹೇಳಿದ್ದರು. ಆದರೆ ಎರಡು ಸೇರು ಒಂದೇ ಅಳತೆಯವಲ್ಲ. ಒಂದು ಕುಗ್ಗು, ಒಂದು ಹಿಗ್ಗು. ಯಾವುದು ಎಷ್ಟು ಕುಗ್ಗು ಎಂದು ತಿಳಿಯಬೇಕಾದರೆ ಎಲ್ಲಕ್ಕೂ ಒಂದೇ ಸಮ ಬೆಳಕು ಸುರಿದು ನೋಡಬೇಕು. ಹಿಂದಿನ ಕಾಲದಲ್ಲಿ ಮುಸ್ಸಂಜೆಯ ಆಕಾಶವನ್ನೇ ನೋಡುತ್ತಿದ್ದರಂತೆ. ದಿಗಂತದಾಚೆಯ ಕನ್ನಡಿಗಳ ದೆಸೆಯಿಂದ ಈಗ ಮುಸ್ಸಂಜೆ ಒಂದು ಕಡೆ ಬೆಳ್ಳಗೆ, ಒಂದು ಕಡೆ ಮಂಕು. ಆದ್ದರಿಂದ ಗುಮ್ಮಟದೊಳಗೆ, ದುರ್ಬೀನಿನ ಬಾಯಿಗೆ ಎದುರಾಗಿ, ಒಂದು ಬಿಳಿ ಬಟ್ಟೆ ತೂಗುಬಿಟ್ಟಿದ್ದರು. ಮೇಲಂಚಿಗೆ ಹಿತ್ತಾಳೆಯ ಬಳೆಗಳನ್ನು ಹೊಲಿದ ದಪ್ಪ ಹತ್ತಿಯ ಬಟ್ಟೆ. ದಿನಾ ಸಂಜೆ ಅದಕ್ಕೆ ದೀಪ ಹಾಯಿಸಿ ಚಿತ್ರ ತೆಗೆದು, ಆ ಚಿತ್ರದಿಂದ ಸೇರುಗಳ ಕುಂದನ್ನು ಸರಿದೂಗಿಸಿ, ಆಮೇಲೆ ಬಾಲಚುಕ್ಕಿಯನ್ನು ಸುತ್ತಲಿನ ಗೊತ್ತಿರುವ ನಕ್ಷತ್ರಗಳ ಜೊತೆ ಹೋಲಿಸುವುದು. ಮುಂದೆ ಬಾಲ ಬೆಳೆದರೆ ಜಾಗವಿರಲಿ ಎಂದು ಬಾಲಚುಕ್ಕಿಯನ್ನು ಮಾತ್ರ ಯಾವಾಗಲೂ ಚಿತ್ರದ ಕೆಳಗಡೆ ಒಂದು ಮೂಲೆಗೆ ಕೂರಿಸುತ್ತಿದ್ದರು.

ಏಳು ವರ್ಷ ಹೀಗೇ ನಡೆಯಿತು. ಬಾಲಚುಕ್ಕಿ ಲೆಕ್ಕವನ್ನು ಮೀರಿ ಹೊಳೆಯುತ್ತ ಬಂತು. ಏಳನೆಯ ವರ್ಷದ ಕಾರ್ತಿಕದ ಹೊತ್ತಿಗೆ ಅದರ ಹೆಚ್ಚುವರಿ ಹೊಳಪು ನೂರಕ್ಕೆ ಇಪ್ಪತ್ತೇಳು. ಹನ್ನೊಂದರಲ್ಲಿ ಅದೇ ಮೊದಲನೆಯದು. ಶಾಲೆಯ ಗೋಡೆಯ ಮೇಲೆ ಬಾಲಚುಕ್ಕಿಯ ಚಿತ್ರ ಬಂತು. ನೌಕೆ ಹೋಗಿ ಸೇರುವ ಧೂಮಕೇತುವಿಗೆ ಅದನ್ನು ಕಾದ ಊರಿನ ಹೆಸರನ್ನೇ ಇಡುವುದೆಂದು ಗೊತ್ತಾಗಿತ್ತು. ಮುಂದಿನ ಅಮಾವಾಸ್ಯೆಯ ಮಾರನೆಯ ದಿನ ಹನ್ನೊಂದು ಊರಿನವರನ್ನೂ ಕೂಡಿಸಿ ತೀರ್ಮಾನ ಹೇಳುತ್ತೇವೆ ಎಂದ ಮೇಡಂ, ಪಾಲಯ್ಯನಿಗೆ ಏಳು ವರ್ಷದ ಅಳತೆಯನ್ನೆಲ್ಲ ಒಂದು ಉದ್ದನೆಯ ಕಾಗದದ ಮೇಲೆ ಗೆರೆಯಾಗಿ ಬರೆಸಿ ಕಳಿಸಿದರು. ನೆನಪಿಗೆ ಇಟ್ಟುಕೊಳ್ಳಿ ಎಂದು.

ಪಾಲಯ್ಯ ಅದನ್ನು ಗುಮ್ಮಟದ ಪಕ್ಕದ ಕೋಣೆಯಲ್ಲಿ ಗೋಡೆಗೆ ಅಂಟಿಸಿದ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಿತ್ತು. ನೋಡನೋಡುತ್ತ ಅವನಿಗೆ ಏನೋ ಒಗ್ಗಲಿಲ್ಲ. ಗೆರೆ ಏರುತ್ತಿತ್ತು ನಿಜ, ಆದರೆ ಗುಡ್ಡ ಏರಿದ ಹಾಗಲ್ಲ, ಮೆಟ್ಟಿಲು ಹತ್ತಿದ ಹಾಗೆ. ಒಂದು ವರ್ಷ ಹೆಚ್ಚುಕಡಿಮೆ ಮಟ್ಟಸ, ಒಮ್ಮೆಲೇ ಒಂದು ಎಗರು, ಮತ್ತೆ ಮಟ್ಟಸ. ಆರು ಮೆಟ್ಟಿಲು. ಮೂರನೆಯದು ಮಾತ್ರ ಉಳಿದವುಗಳಿಗಿಂತ ಗಿಡ್ಡ.

ಮೆಟ್ಟಿಲುಗಳು ಮೇಡಂಗೆ ಗೊತ್ತಿಲ್ಲದ್ದೇನಲ್ಲ. ಹಿಮ ಆಗಾಗ ಸಿಡಿದೇಳುತ್ತದೆ, ಅದಕ್ಕೇ ಹೀಗೆ ಎಂದು ಅವರು ಹಿಂದೆಯೇ ಹೇಳಿದ್ದರು. ವರ್ಷಕ್ಕೊಮ್ಮೆ ಬರುವ ದೋಷವೇನೋ ಎಂದು ಕೇಂದ್ರದವರು ಹುಡುಕಿಯೂ ನೋಡಿದ್ದರು. ತಾರೀಖುಗಳು ಕೂಡಿಬರಲಿಲ್ಲ. ಮಾರ್ಚ್ ಹದಿನಾಲ್ಕು, ಮಾರ್ಚ್ ಮೂರು, ಮಾರ್ಚ್ ಇಪ್ಪತ್ತೆರಡು, ಮಾರ್ಚ್ ಹನ್ನೊಂದು, ಫೆಬ್ರವರಿ ಇಪ್ಪತ್ತೆಂಟು, ಮಾರ್ಚ್ ಹತ್ತೊಂಬತ್ತು. ಒಮ್ಮೆ ಹಿಂದೆ, ಒಮ್ಮೆ ಮುಂದೆ.

ಪಾಲಯ್ಯ ತಾರೀಖು ನೋಡುವ ಜಾಯಮಾನದವನಲ್ಲ. ಮೊಳೆಗೆ ನೇತುಹಾಕಿದ್ದ ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿ ಒಂದೊಂದನ್ನೇ ಮಗುಚಿದ. ಆರಕ್ಕೆ ಆರೂ ಫಾಲ್ಗುಣದ ಹುಣ್ಣಿಮೆ. ಹೋಳಿ ಹುಣ್ಣಿಮೆ.

ಅವನು ಕಂಬಳಿ ಹೊದ್ದು ಹೊಸ್ತಿಲ ಮೇಲೆ ಕೂತ. ಹುಣ್ಣಿಮೆಯ ಸುತ್ತಿನ ಐದು ದಿನ ದುರ್ಬೀನಿಗೆ ರಜೆ, ಅದು ಪ್ರತಿ ತಿಂಗಳೂ ಇದ್ದದ್ದೇ. ಫಾಲ್ಗುಣದ ರಜೆಯಲ್ಲೇ ಏನು ವಿಶೇಷ? ಆಗ ತಾನು ಅಣ್ಣನ ಕುರಿರೊಪ್ಪಕ್ಕೆ ಉಣ್ಣೆ ಕತ್ತರಿಸಲು ಹೋಗುತ್ತಾನೆ, ಊರಲ್ಲಿರುವುದಿಲ್ಲ. ಅಷ್ಟೇ ತಾನೆ. ಎಲ್ಲೋ ಕತ್ತಲೆಯಲ್ಲಿ, ಶನಿಯಾಚೆ ಬರುತ್ತಿರುವ ಹಿಮದ ಗಡ್ಡೆಗೆ ಬಿಳಿಕಲ್ಲಹಟ್ಟಿಯ ಯುಗಾದಿ ಹತ್ತಿರ ಬಂತೆಂದು ಹೇಗೆ ಗೊತ್ತಾಗಬೇಕು?

ಮಧ್ಯಾಹ್ನ ಉಣ್ಣಲು ಮನೆಗೆ ಇಳಿದಾಗ ಕಾಟಮ್ಮ ಬಟ್ಟೆ ಒಣಹಾಕುತ್ತಿದ್ದಳು. ತಂತಿಯ ಮೇಲೆ ಅವನ ಬಿಳಿ ಪಂಚೆ ನೀರು ತೊಟ್ಟಿಕ್ಕುತ್ತಿತ್ತು. ಮೇಲುಗಡೆ ಬೆಳ್ಳಗೆ. ಕೆಳಕ್ಕೆ ಬಂದಂತೆ ನೀಲಿ ಇಳಿದು ಇಳಿದು ಅಂಚಿನಲ್ಲಿ ತೆಳ್ಳಗೆ ಕೂತಿತ್ತು. ಬೇರೆಯವರ ಕಣ್ಣಿಗೆ ಬೀಳುವಂಥದ್ದಲ್ಲ. ಏಳು ಬಗೆಯ ಕಪ್ಪನ್ನು ಬೇರೆ ಮಾಡುವವನ ಕಣ್ಣಿಗೆ ಬಿತ್ತು. ಅವನು ಕಾಲು ತೊಳೆಯುವುದನ್ನೂ ಮರೆತು ನಿಂತುಬಿಟ್ಟ.

ಮುದ್ದೆಯ ಮುಂದೆ ಕೂತು, ಹೋಳಿ ಹುಣ್ಣಿಮೆಯ ರಜೆಯಲ್ಲಿ ಗುಡ್ಡದ ಮೇಲೆ ಏನೇನು ಮಾಡುತ್ತೀಯೆಂದು ಮೆಲ್ಲಗೆ ಕೇಳಿದ. ಕಾಟಮ್ಮ ಸಾರು ಬಡಿಸುತ್ತ ಹೇಳಿಕೊಂಡು ಹೋದಳು: ಯುಗಾದಿಗೆ ಮುಂಚೆ ಮನೆಯಲ್ಲಿ ಏನೇನು ಮಾಡುತ್ತಾಳೋ ಅದೇ. ಜೇಡ ಹೊಡೆಯುವುದು, ನೆಲ ತೊಳೆಯುವುದು, ಬಾಗಿಲು ಒರೆಸುವುದು, ಬಟ್ಟೆ ಒಗೆಯುವುದು.

"ಯಾವ ಬಟ್ಟೆ?"

"ಅದೇ, ನೇತಾಕಿರ್ತಾರಲ್ಲ, ದೊಡ್ಡದು. ವರ್ಸಾನುಗಟ್ಲೆ ಅದೇ ಕೊಳೆ ಇಟ್ಕಂಡು ಹಬ್ಬ ಮಾಡಾಕಾಯ್ತದಾ?"

"ನೀಲಿಗೆ ಹಾಕಿದ್ಯಾ?"

"ಬಿಳೀ ಬಟ್ಟೆ ನೀಲಿಗೆ ಹಾಕ್ದೆ ಇನ್ನೇನು ಅರಿಸಿನಕ್ಕೆ ಹಾಕ್ತಾರಾ?" ಎಂದು ನಕ್ಕವಳು ಅವನ ಮುಖ ನೋಡಿ ಸೌಟು ಕೆಳಗಿಟ್ಟಳು.

ಅವಳ ತಪ್ಪೇನೂ ಇರಲಿಲ್ಲ. ಕೇಂದ್ರದವರು ಕೊಟ್ಟ ನಿಯಮದ ಪುಸ್ತಕದಲ್ಲಿ ಬಟ್ಟೆಯನ್ನು ಸದಾ ಶುಚಿಯಾಗಿಡತಕ್ಕದ್ದು ಎಂದೇ ಬರೆದಿತ್ತು. ಒಗೆಯಕೂಡದು ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆದವರ ಮನೆಯಲ್ಲಿ ಹಬ್ಬಕ್ಕೆ ಮೂಲೆಮೂಲೆಯ ಬಟ್ಟೆಯನ್ನೂ ಒಗೆಯುವ ರೂಢಿ ಇತ್ತೋ ಇಲ್ಲವೋ. ಹೀಗೆ ವರ್ಷಕ್ಕೊಮ್ಮೆ, ಬಳೆಯ ಅಂಚು ಮೇಲಾಗಿ ಒಣಹಾಕಿದಾಗ, ನೀಲಿ ಇಳಿದು ಬಟ್ಟೆಯ ಕೆಳ ಅಂಚಿನಲ್ಲಿ ಕೂತಿತು. ಹಟ್ಟಿಯ ಬಾವಿಯ ಗಡಸು ನೀರಿನಲ್ಲಿ ಕೂತ ನೀಲಿ ಮುಂದಿನ ಒಗೆತಕ್ಕೂ ಪೂರಾ ಹೋಗದು. ಕೆಳ ಅಂಚು ಮಂಕಾದಾಗ ಯಂತ್ರ ಕೆಳಗಿನ ಸೇರುಗಳೇ ಕುಗ್ಗೆಂದು ತಿಳಿಯಿತು. ಅಲ್ಲಿ ಕೂತ ಬಾಲಚುಕ್ಕಿಗೆ ಒಂದು ಹಿಡಿ ಹೆಚ್ಚಿಗೆ ಸುರಿಯಿತು. ಬಟ್ಟೆಯನ್ನು ಕಣ್ಣಿಂದ ನೋಡಿದರೆ ಬಿಳಿಯೇ. ಯಂತ್ರ ನೂರರಲ್ಲಿ ಒಂದು ಪಾಲನ್ನೂ ಬಿಡದೆ ಅಳೆಯುವಂಥದ್ದು.

ಪಾಲಯ್ಯ ಇದನ್ನೆಲ್ಲ ಹೆಂಡತಿಗೆ ಹೇಳಿದ್ದು ಎರಡು ದಿನ ಬಿಟ್ಟು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಮಾವಾಸ್ಯೆಯ ಮಾರನೆಯ ದಿನ ಬಿಳಿಕಲ್ಲಹಟ್ಟಿ ಎಂದು ಕೂಗುತ್ತಾರೆ. ನೌಕೆ ತಿರುಗುತ್ತದೆ. ಅದು ಹೋಗಿ ಸೇರಿ ಸತ್ತ ಬಂಡೆಯ ಮುಂದೆ ನಿಲ್ಲುವ ಹೊತ್ತಿಗೆ ತನಗೆ ಅರವತ್ತೇಳು. ಆಗ ಯಾರು ಬಟ್ಟೆಯ ಮಾತೆತ್ತುತ್ತಾರೆ? ಹೇಳಿದರೆ ಏಳು ವರ್ಷದ ಕೆಲಸ ನೀರಿಗೆ ಹೋದ ಹಾಗೆ, ಅದೂ ಕಾಟಮ್ಮನ ಹೆಸರಿನಲ್ಲಿ. ಬಾವಿಕಟ್ಟೆಯ ಬಳಿ ಜನ ಏನೆನ್ನುತ್ತಾರೆ ಎನ್ನುವುದು ಅವನ ಕಿವಿಗೆ ಆಗಲೇ ಕೇಳುತ್ತಿತ್ತು.

ಕಾಟಮ್ಮ ಮೊದಲು ಸಿಟ್ಟಾದಳು. ಒಗೆಯಬಾರದೆಂದು ಏಳು ವರ್ಷದಲ್ಲಿ ಒಬ್ಬರಾದರೂ ಬಾಯಿ ಬಿಟ್ಟು ಹೇಳಿದ್ದರೇ ಎಂದು ಕೇಳಿದಳು. ವರ್ಷವರ್ಷವೂ ರಜೆ ಮುಗಿದ ಮಾರನೆಯ ದಿನ ಗುಡ್ಡ ಹತ್ತಿ, ಬೆಳ್ಳಗಿನ ಬಟ್ಟೆಯನ್ನು ಎದುರಿಗೇ ಇಟ್ಟುಕೊಂಡು, ಒಂದು ಸಲವಾದರೂ ತಲೆಯೆತ್ತಿ ನೋಡಿದೆಯಾ ಎಂದು ಅವನನ್ನೂ ಬಿಡಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಅತ್ತಳು. ಅವನು, ಮೇಡಂಗೆ ಏನೂ ಹೇಳಬೇಕಾದ್ದಿಲ್ಲ ಬಿಡು, ಸುಮ್ಮನಿದ್ದುಬಿಡೋಣ ಎಂದ. ಅವಳು ಮೂಗು ಒರೆಸಿಕೊಂಡು ಅವನನ್ನೇ ನೋಡಿದಳು.

"ಹನ್ನೊಂದು ವರ್ಸ ಆ ನೌಕೆ ನನ್ನ ನೀಲಿ ನಂಬ್ಕಂಡು ಹೋಗ್ಬೇಕಾ? ನಂಗೆ ನಿದ್ದೆ ಬರಂಗಿಲ್ಲ. ನಡಿ, ನಾನೇ ಹೇಳ್ತೀನಿ."

ಅಂದು ಸಂಜೆ ಪರದೆಯ ಮೇಲೆ ನಫೀಸಾ ಮೇಡಂ ಮುಖ ಮೂಡಿದಾಗ ಎದುರಿಗೆ ಕೂತಿದ್ದವಳು ಕಾಟಮ್ಮ. ಮೊದಲಿಂದ ಕೊನೆಯವರೆಗೆ ಅವಳೇ ಹೇಳಿದಳು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕೊನೆಗೆ, ಇದು ನಿಜವೋ ಬರಿ ಊಹೆಯೋ ತಿಳಿಯುವುದು ಹೇಗೆ ಎಂದರು. ಬಟ್ಟೆಯ ಈಗಿನ ಸ್ಥಿತಿ ಅಳೆಯಬಹುದು, ಆದರೆ ಯಾವ ವರ್ಷ ಎಷ್ಟು ನೀಲಿ ಕೂತಿತ್ತೆಂದು ಯಾರು ಬರೆದಿಟ್ಟಿದ್ದಾರೆ?

"ಬರೆಯೋದ್ಯಾಕೆ? ನಂಗೆ ನೆಪ್ಪೈತೆ" ಎಂದಳು ಕಾಟಮ್ಮ.

ಅವಳು ಒಂದೊಂದು ಯುಗಾದಿಯನ್ನೂ ಬೆರಳು ಮಡಚುತ್ತ ಹೇಳಿದಳು. ಕೊಪ್ಪರಿಗೆ ನೀರಿಗೆ ಮೂರು ಮುಚ್ಚಳ ನೀಲಿ, ಅದು ಅವಳ ಅಳತೆ, ಅವಳ ತಾಯಿಯದೂ ಅದೇ. ಮೊದಲ ವರ್ಷ ಮೂರು. ಎರಡನೆಯ ವರ್ಷ, ಮಗಳ ಮದುವೆ ಆದದ್ದು, ಆಗಲೂ ಮೂರು. ಅದರ ಮುಂದಿನ ವರ್ಷ ಮಗಳ ಬಾಣಂತನ. ಮಗುವಿನ ಬಟ್ಟೆಗೇ ಎಲ್ಲ ಮುಗಿದು ಶೀಸೆಯ ತಳದಲ್ಲಿ ಒಂದೇ ಮುಚ್ಚಳ ಉಳಿದಿತ್ತು, ಅಷ್ಟನ್ನೇ ಹಾಕಿದಳು. ಆಮೇಲಿನ ಮೂರೂ ವರ್ಷ ಮೂರು ಮೂರು.

ಪಾಲಯ್ಯ ಗೋಡೆಯ ಕಾಗದದ ಕಡೆ ತಿರುಗಿದ. ಮೂರನೆಯ ಮೆಟ್ಟಿಲು ಗಿಡ್ಡ. ಪರದೆಯ ಆಚೆ ಮೇಡಂ ಕೂಡ ತಮ್ಮ ಕಾಗದ ನೋಡುತ್ತಿದ್ದರು. ಅವರ ತುಟಿಯ ಮೇಲೆ ನಗು ಮೂಡಿದ್ದನ್ನು ಅವನು ಆ ದಿನ ಮೊದಲ ಸಲ ಕಂಡ. ತೀರ್ಮಾನವನ್ನು ಸಂಕ್ರಾಂತಿಗೆ ಮುಂದೂಡುತ್ತೇನೆ, ನೀವಿಬ್ಬರೂ ಇದನ್ನು ಮೊದಲಿಂದ ಮಾಡಿ ತೋರಿಸಿ ಎಂದರು.

ಮುಂದಿನ ಮೂರು ವಾರ ಬಿಳಿಕಲ್ಲಹಟ್ಟಿಯಲ್ಲಿ ಯುಗಾದಿಯೇ ಯುಗಾದಿ. ಮೊದಲ ಬಟ್ಟೆ ನೇಯ್ದಾಗ ಉಳಿದಿದ್ದ ಥಾನು ಪೆಟ್ಟಿಗೆಯಲ್ಲಿತ್ತು. ಅದರಿಂದ ಗುಮ್ಮಟದ ಬಟ್ಟೆಯಷ್ಟೇ ದೊಡ್ಡ ಆರು ತುಂಡು ಕತ್ತರಿಸಿ ಮೇಲಂಚಿಗೆ ಬಳೆ ಹೊಲಿದರು. ಒಂದಕ್ಕೆ ಒಂದು ಒಗೆತ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು. ಮೂರನೆಯ ಒಗೆತಕ್ಕೆ ಎಲ್ಲಕ್ಕೂ ಒಂದೇ ಮುಚ್ಚಳ ನೀಲಿ. ಅದೇ ಬಾವಿಯ ನೀರು, ಅದೇ ಕಲ್ಲು, ಅದೇ ಅಂಗಡಿಯ ನೀಲಿ, ಬಳೆಯ ಅಂಚು ಮೇಲಾಗಿ ಅದೇ ತಂತಿ. ಕಾಟಮ್ಮ ಯಾರನ್ನೂ ಹತ್ತಿರ ಬಿಡಲಿಲ್ಲ. ಹಿಂಡಲು ಕೈ ಕೊಡಹೋದ ಗಂಡನನ್ನು, ನೀನು ಹಿಂಡಿದರೆ ಅದು ಬೇರೆ ಒಗೆತವಾಗುತ್ತದೆ, ಹೋಗು ಎಂದು ಅಟ್ಟಿದಳು. ಬಾವಿಕಟ್ಟೆಯ ಹೆಂಗಸರು ಪಾಲಯ್ಯ ಅಂಜಿದಷ್ಟು ಏನೂ ಅನ್ನಲಿಲ್ಲ. ನಮ್ಮನ್ನು ಕೇಳಿದ್ದರೆ ನಾವೂ ಒಗೆಯುತ್ತಿದ್ದೆವು ಎಂದರು. ಒಬ್ಬಳು ಮಾತ್ರ, ನಮ್ಮ ಮನೆ ಬಟ್ಟೆಯೂ ಒಂದೆರಡು ಹಾಕಿಕೊಡೇ, ಹೆಂಗೂ ನೌಕೆಯವರ ಖರ್ಚಿನ ಸೋಪು ಎಂದು ಛೇಡಿಸಿದಳು.

ಒಣಗಿದ ಆರು ತುಂಡುಗಳನ್ನು ಪಾಲಯ್ಯ ಒಂದೊಂದಾಗಿ ದುರ್ಬೀನಿನ ಮುಂದೆ ತೂಗುಹಾಕಿ ಚಿತ್ರ ತೆಗೆದ. ಆರನೆಯ ತುಂಡಿಗೂ ಗುಮ್ಮಟದ ಬಟ್ಟೆಗೂ ಕೂದಲೆಳೆಯ ವ್ಯತ್ಯಾಸ. ವರ್ಷವರ್ಷದ ನೀಲಿಯನ್ನು ವರ್ಷವರ್ಷದ ಅಳತೆಯಿಂದ ಕಳೆದಾಗ, ಇಪ್ಪತ್ತೇಳರಲ್ಲಿ ಹತ್ತೊಂಬತ್ತು ಕಾಟಮ್ಮನ ಪಾಲಿಗೆ ಹೋಯಿತು. ಬಾಲಚುಕ್ಕಿಗೆ ಉಳಿದದ್ದು ಎಂಟು.

ಈ ನಡುವೆ ಮೇಡಂ ಉಳಿದ ಹತ್ತು ಊರಿಗೂ ಒಂದೇ ಪ್ರಶ್ನೆ ಕಳಿಸಿದ್ದರು: ನಿಮ್ಮ ಬಟ್ಟೆಯನ್ನು ಯಾರಾದರೂ ಒಗೆದಿದ್ದಾರೆಯೇ? ಏಳು ಊರಿನವರು ಇಲ್ಲವೆಂದರು. ಲಡಾಖಿನ ಊರಿನ ಸ್ಟಾಂಜಿನ್ ಎಂಬವನು ಮನೆಯಲ್ಲಿ ವಿಚಾರಿಸಿ, ತನ್ನ ತಾಯಿ ಪ್ರತಿ ಹೊಸವರ್ಷಕ್ಕೆ ಮುಂಚೆ ಒಗೆಯುತ್ತಿದ್ದಾಳೆಂದು ಮೂರನೆಯ ದಿನ ತಲೆ ಕೆರೆದುಕೊಳ್ಳುತ್ತ ಒಪ್ಪಿಕೊಂಡ. ಇನ್ನೊಂದು ಊರಿನಲ್ಲಿ ಯಾರೋ ಸುಣ್ಣದ ನೀರಿನಲ್ಲಿ ಅದ್ದಿದ್ದರು. ಮತ್ತೊಂದರಲ್ಲಿ ಹರಿದಿದೆಯೆಂದು ತೇಪೆ ಹಾಕಿದ್ದರು. ಕಾಟಮ್ಮನಿಗೆ ಇದನ್ನು ಕೇಳಿ ಎಷ್ಟೋ ಸಮಾಧಾನವಾಯಿತು. ಲಡಾಖಿನ ಆ ತಾಯಿ ಎಷ್ಟು ನೀಲಿ ಹಾಕುತ್ತಾಳೆ ಕೇಳು ಎಂದು ಗಂಡನಿಗೆ ದುಂಬಾಲು ಬಿದ್ದಳು.

ಸಂಕ್ರಾಂತಿಯ ದಿನ ಹಟ್ಟಿಯವರೆಲ್ಲ ಶಾಲೆಯ ಮುಂದೆ ಕೂಡಿದ್ದರು. ಆಂಡಿಸ್ ಪರ್ವತದ ಮೇಲಿನ ಒಂದು ಊರಿನ ಧೂಮಕೇತು ಆಯ್ಕೆಯಾಯಿತು. ಅದರ ಹೆಚ್ಚುವರಿ ಹೊಳಪು ಹದಿನಾರು, ಬಟ್ಟೆಗೆ ನೀರು ಸೋಕಿರಲಿಲ್ಲ. ಬಿಳಿಕಲ್ಲಹಟ್ಟಿ ನಾಲ್ಕನೆಯದು. ಜನ ಎಳ್ಳುಬೆಲ್ಲ ಹಂಚಿಕೊಂಡು ಮನೆಗಳಿಗೆ ಹೋದರು. ಪಾಲಯ್ಯನಿಗೆ ಎದೆಯಲ್ಲಿ ಒಂದು ಕಡೆ ಖಾಲಿಯಾದ ಹಾಗೆ ಆದದ್ದು ನಿಜ. ಆದರೆ ಮಾರನೆಯ ಬೆಳಿಗ್ಗೆ ತಿದ್ದಿದ ಗೆರೆಯ ಹೊಸ ಕಾಗದ ಬಂತು. ಅವನು ಅದನ್ನು ಹಳೆಯದರ ಪಕ್ಕದಲ್ಲೇ ಅಂಟಿಸಿ ಹಿಂದಕ್ಕೆ ಸರಿದು ನಿಂತ.

ಮೆಟ್ಟಿಲುಗಳು ಮಾಯವಾಗಿದ್ದವು. ಏಳು ವರ್ಷವೂ ಒಂದೇ ಸಮ, ಅವಸರವಿಲ್ಲದೆ, ಬಿಟ್ಟೂಬಿಡದೆ ಗೆರೆ ಮೇಲೇರುತ್ತಿತ್ತು. ಎಂಟೇ ಪಾಲು. ಆದರೆ ಅದರಲ್ಲಿ ಅನುಮಾನಿಸಲು ಅವನ ಕಣ್ಣಿಗೆ ಏನೂ ಸಿಗಲಿಲ್ಲ. ಇಷ್ಟು ದಿನ ತಾನು ನೋಡಿದ್ದು ಹೆಂಡತಿಯ ಒಗೆತವನ್ನು. ಬಾಲಚುಕ್ಕಿಯನ್ನು ನೋಡುತ್ತಿರುವುದು ಇಂದೇ ಎನ್ನಿಸಿತು. ಅದು ಬರುತ್ತಿತ್ತು. ನೌಕೆ ಹೋಗದಿದ್ದರೂ ಅದು ತನ್ನಷ್ಟಕ್ಕೆ ಬರುತ್ತದೆ, ಇನ್ನು ನಲವತ್ತು ವರ್ಷಕ್ಕೆ ಬಾಲ ಬಿಚ್ಚಿಕೊಂಡು ಗುಡ್ಡದ ಮೇಲೆ ಬರಿಗಣ್ಣಿಗೆ ನಿಲ್ಲುತ್ತದೆ, ಮಗಳ ಮಗು ಅದನ್ನು ನೋಡುತ್ತದೆ.

ಫಾಲ್ಗುಣದ ಹುಣ್ಣಿಮೆ ಬಂತು. ಪಾಲಯ್ಯ ಆ ವರ್ಷ ಕುರಿರೊಪ್ಪಕ್ಕೆ ಹೋಗಲಿಲ್ಲ. ಕಾಟಮ್ಮ ಪೊರಕೆ ಹಿಡಿದು ಗುಡ್ಡ ಹತ್ತಿದಾಗ ಅವನೂ ಹಿಂದೆಯೇ ಹತ್ತಿದ. ಅವಳು ಜೇಡ ಹೊಡೆದಳು, ನೆಲ ತೊಳೆದಳು, ಬಾಗಿಲು ಒರೆಸಿದಳು. ಸಂಕ್ರಾಂತಿಯ ಮೇಲೆ ತೂಗುಹಾಕಿದ್ದ ಹೊಸ ಬಟ್ಟೆಯ ಮೇಲೆ ಆಗಲೇ ಎರಡು ತಿಂಗಳ ತೆಳು ಧೂಳು. ಅದರ ಪಕ್ಕದ ಪೆಟ್ಟಿಗೆಯಲ್ಲಿ, ಕೇಂದ್ರದವರು ಉಪಕರಣಗಳ ಪಟ್ಟಿಗೆ ಸೇರಿಸಿ ನಂಬರು ಕೊಟ್ಟಿದ್ದ ಆರು ತುಂಡುಗಳು ಮಡಚಿಟ್ಟ ಹಾಗೇ ಇದ್ದವು.

ಕಾಟಮ್ಮ ಬಟ್ಟೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಳು. ಒಂದು ಸಲ ಕೈ ಮುಂದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು.

"ನಂಗೆ ನೋಡಾಕಾಗಲ್ಲ" ಎಂದಳು. "ನೀನೇ ಬೀಗ ಹಾಕು."

ಪಾಲಯ್ಯ ಬೀಗ ಹಾಕಿದ. ಇಬ್ಬರೂ ಮೆಲ್ಲಗೆ ಗುಡ್ಡ ಇಳಿದರು. ಕೆಳಗೆ ಹಟ್ಟಿಯ ತಂತಿತಂತಿಯ ಮೇಲೆ ಹಬ್ಬದ ಬಟ್ಟೆಗಳು ಒಣಗುತ್ತಿದ್ದವು, ಎಲ್ಲವುಗಳ ಕೆಳ ಅಂಚಿನಲ್ಲೂ ಒಂದೊಂದು ಎಳೆ ನೀಲಿ.